ನಲವತ್ತು ವ್ಯಾಟ್-ಗಂಟೆಯ ಸಂಸಾರ

ಅಂಗೈಯಲ್ಲಿ ಹಿಡಿದು ಆಟ ಆಡುವ, ಸಿನಿಮಾ ನೋಡುವ, ವೈ-ಫೈ ಹಿಡಿಯುವ ಪುಟ್ಟ ಗಣಕವೊಂದನ್ನು ಕೊಳ್ಳಲು ಹೊರಟಿದ್ದೀರಿ ಎನ್ನೋಣ. ಪೆಟ್ಟಿಗೆಯ ಮುಂಭಾಗದಲ್ಲಿ ಪ್ರೊಸೆಸರಿನ ಹೆಸರು, ಮೆಮೊರಿ, ಸ್ಟೋರೇಜ್, ಪರದೆಯ ಪಿಕ್ಸೆಲ್ ಎಲ್ಲವೂ ದಪ್ಪಕ್ಷರದಲ್ಲಿ ಮಿಂಚುತ್ತಿರುತ್ತವೆ. ಇನ್ನೊಂದು ಅಂಕಿಯೂ ಇರುತ್ತದೆ. ಅದನ್ನು ಹುಡುಕಲು ಪೆಟ್ಟಿಗೆ ತಿರುಗಿಸಿ ಭೂತಗನ್ನಡಿ ಹಿಡಿಯಬೇಕು. ಅದು ಬ್ಯಾಟರಿಯ ವ್ಯಾಟ್-ಗಂಟೆ. ಅಂಗಡಿಯಲ್ಲಿ ಯಾರೂ ಕೇಳದ ಈ ಅಂಕಿಯೇ ಉಳಿದೆಲ್ಲ ಅಂಕಿಗಳ ಯಜಮಾನ.

ಒಂದು ವ್ಯಾಟಿನ ಪುಟ್ಟ ದೀಪ ಒಂದು ಗಂಟೆ ಉರಿದರೆ ಖರ್ಚಾಗುವ ಶಕ್ತಿ ಒಂದು ವ್ಯಾಟ್-ಗಂಟೆ. ಮನೆಗೆ ಬರುವ ಕರೆಂಟ್ ಬಿಲ್ಲಿನಲ್ಲಿ ‘ಯೂನಿಟ್’ ಎಂದು ಬರೆದಿರುತ್ತದಲ್ಲ, ಅದು ಇಂಥ ಸಾವಿರ ವ್ಯಾಟ್-ಗಂಟೆ. 2022ರಲ್ಲಿ ವಾಲ್ವ್ ಕಂಪನಿ ಹೊರತಂದ ‘ಸ್ಟೀಮ್ ಡೆಕ್’ ಎಂಬ ಕೈಗಣಕದ ಬ್ಯಾಟರಿ 40 ವ್ಯಾಟ್-ಗಂಟೆಯದು. ಅಂದರೆ ಅದರ ಹೊಟ್ಟೆಯನ್ನು ಇಪ್ಪತ್ತೈದು ಸಲ ತುಂಬಿಸಿದರೆ ಒಂದು ಯೂನಿಟ್. ಆ ನಲವತ್ತರಲ್ಲಿ ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ನಾಲ್ಕೂವರೆ ಗಂಟೆಯ ಆಸುಪಾಸು ಉರಿದೀತು. 75 ವ್ಯಾಟಿನ ಸೀಲಿಂಗ್ ಫ್ಯಾನು ಅರ್ಧ ಗಂಟೆ ತಿರುಗಿ ಸುಸ್ತಾದೀತು. ಪರದೆ, ಚಿಪ್ಪು, ಸ್ಪೀಕರು, ವೈ-ಫೈ ಎಂಬ ನಾಲ್ಕು ಮಕ್ಕಳನ್ನು ಇಷ್ಟೇ ಆದಾಯದಲ್ಲಿ ಸಾಕಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಇಷ್ಟು ಕಟ್ಟುನಿಟ್ಟಾಗಿ ತಲೆಬಾಗುವ ಯಂತ್ರ ಬೇರೊಂದಿಲ್ಲ.

ಮಂಕು ಪರದೆ ಗೆದ್ದ ಕಥೆ

1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಗೇಮ್ ಬಾಯ್’ ಎಂಬ ಕೈಯಾಟದ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಪರದೆಯಲ್ಲಿ ಬಣ್ಣವಿರಲಿಲ್ಲ. ಪಾಚಿಗಟ್ಟಿದ ಹಸಿರಿನ ನಾಲ್ಕು ಛಾಯೆಗಳು, ಅಷ್ಟೆ. ಹಿಂಬದಿಯಲ್ಲಿ ದೀಪವೂ ಇರಲಿಲ್ಲ. ಬಿಸಿಲಿಗೋ ಟ್ಯೂಬ್‌ಲೈಟಿಗೋ ಒಡ್ಡಿ ಆಡಬೇಕಿತ್ತು. ಮರುವರ್ಷ ಎದುರಾಳಿ ಸೆಗಾ ಕಂಪನಿ ‘ಗೇಮ್ ಗಿಯರ್’ ತಂದಿತು. ಅದಕ್ಕೆ ಬಣ್ಣದ ಪರದೆ, ಪರದೆಯ ಹಿಂದೆ ದೀಪ. ಪಕ್ಕಪಕ್ಕ ಇಟ್ಟರೆ ಯಾವುದು ಮೇಲು ಎಂದು ಮಕ್ಕಳೂ ಹೇಳುವಂತಿತ್ತು.

ಆದರೂ ಗೆದ್ದದ್ದು ಮಂಕು ಪರದೆ. ಗೇಮ್ ಬಾಯ್ ಮತ್ತು ಅದರ ತಮ್ಮ ಗೇಮ್ ಬಾಯ್ ಕಲರ್ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾದವು. ಗೇಮ್ ಗಿಯರ್ ಒಂದು ಕೋಟಿಯ ಆಸುಪಾಸಿನಲ್ಲಿ ನಿಂತಿತು. ಬೆಲೆ, ಆಟಗಳ ಸಂಖ್ಯೆ ಇತ್ಯಾದಿ ಕಾರಣಗಳೂ ಇದ್ದವು. ಆದರೆ ಸೆಲ್ಲುಗಳ ಲೆಕ್ಕ ನೋಡಿ. ಗೇಮ್ ಬಾಯ್ ನಾಲ್ಕು ಎಎ ಸೆಲ್ ನುಂಗಿ ಹತ್ತು ಗಂಟೆಗೂ ಮಿಕ್ಕಿ ಆಡಿಸುತ್ತಿತ್ತು. ಗೇಮ್ ಗಿಯರ್ ಆರು ಸೆಲ್ ನುಂಗಿ ಮೂರರಿಂದ ಐದು ಗಂಟೆಯಲ್ಲಿ ಕಣ್ಣು ಮುಚ್ಚುತ್ತಿತ್ತು. ಗೇಮ್ ಬಾಯ್ ರೂಪಿಸಿದ ಗುನ್‌ಪೇ ಯೊಕೊಯಿ ಅವರ ಸೂತ್ರ ಸರಳವಾಗಿತ್ತು: ಹಳತಾಗಿ, ಅಗ್ಗವಾಗಿ, ಪಳಗಿದ ತಂತ್ರಜ್ಞಾನವನ್ನು ಹೊಸ ಕೆಲಸಕ್ಕೆ ಹಚ್ಚು.

ಆಟ ಬಿಟ್ಟು ಕಚೇರಿ ಕೆಲಸದ ಕಡೆ ಬಂದರೂ ಇದೇ ಪಾಠ. 1993ರಲ್ಲಿ ಆಪಲ್ ತಂದ ‘ನ್ಯೂಟನ್’ ಕೈಗಣಕ ಎಲ್ಲವನ್ನೂ ಮಾಡಲು ಹೋಯಿತು, ಆದರೆ ಜೇಬಿಗೆ ಹಿಡಿಸಲಿಲ್ಲ. 1996ರಲ್ಲಿ ಬಂದ ‘ಪೈಲಟ್’ ಅಂಗಿಯ ಜೇಬಿಗೆ ಹಿಡಿಸಿತು. ಅದರ ಸೃಷ್ಟಿಕರ್ತ ಜೆಫ್ ಹಾಕಿನ್ಸ್ ಯಂತ್ರ ತಯಾರಾಗುವ ಮುಂಚೆ ಅದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಯಾರಾದರೂ ಭೇಟಿಗೆ ಸಮಯ ಕೇಳಿದರೆ ತುಂಡನ್ನು ಹೊರತೆಗೆದು, ಅದರ ಮೇಲೆ ಕಡ್ಡಿಯಲ್ಲಿ ಬರೆದಂತೆ ನಟಿಸುತ್ತಿದ್ದರು. ದಿನಕ್ಕೆ ಎಷ್ಟು ಸಲ ತೆಗೆಯುತ್ತೇನೆ, ಯಾತಕ್ಕೆ ತೆಗೆಯುತ್ತೇನೆ ಎಂಬ ಲೆಕ್ಕ ಮರದ ತುಂಡಿನಿಂದಲೇ ಸಿಕ್ಕಿತು. ಕೊನೆಗೆ ತಯಾರಾದ ಪೈಲಟ್‌ನಲ್ಲಿ 160×160 ಚುಕ್ಕೆಗಳ ಬಣ್ಣರಹಿತ ಪರದೆ, 16 ಮೆಗಾಹರ್ಟ್ಸ್ ಪ್ರೊಸೆಸರ್, ಕಿರುಬೆರಳ ಗಾತ್ರದ ಎರಡು ಎಎಎ ಸೆಲ್. ಅಷ್ಟರಲ್ಲೇ ವಾರಗಟ್ಟಲೆ ಓಡುತ್ತಿತ್ತು.

ಬಣ್ಣ ಬಂದ ಮೇಲೆ

2000ದಲ್ಲಿ ಮೈಕ್ರೊಸಾಫ್ಟಿನ ‘ಪಾಕೆಟ್ ಪಿಸಿ’ ತಂತ್ರಾಂಶ ಹೊತ್ತ ಕಾಂಪ್ಯಾಕ್ ‘ಐಪ್ಯಾಕ್’ ಬಂತು. ಬಣ್ಣದ ಪರದೆ, 206 ಮೆಗಾಹರ್ಟ್ಸ್ ಸ್ಟ್ರಾಂಗ್‌ಆರ್ಮ್ ಚಿಪ್ಪು, ಹಾಡು ಕೇಳುವ, ವಿಡಿಯೊ ನೋಡುವ ಸೌಕರ್ಯ. ವಾರದ ಲೆಕ್ಕ ಹೋಗಿ ಗಂಟೆಯ ಲೆಕ್ಕ ಶುರುವಾಯಿತು. ಆ ಕಾಲದ ಪಾಕೆಟ್ ಪಿಸಿಗಳಿಗೆ ಇನ್ನೊಂದು ಕಾಟವಿತ್ತು. ನೀವು ಬರೆದಿಟ್ಟ ಫೋನ್ ನಂಬರು, ಟಿಪ್ಪಣಿ ಎಲ್ಲ ರ‍್ಯಾಮ್‌ನಲ್ಲೇ ಕೂತಿರುತ್ತಿದ್ದವು. ಬ್ಯಾಟರಿ ಪೂರ್ತಿ ಬರಿದಾದರೆ ಅವೂ ಅಳಿಸಿಹೋಗುತ್ತಿದ್ದವು. ಚಾರ್ಜರ್ ಮರೆತು ಊರಿಗೆ ಹೋದವರು ವಿಳಾಸ ಪುಸ್ತಕವನ್ನೇ ಕಳೆದುಕೊಂಡು ಮರಳಬೇಕಾಗುತ್ತಿತ್ತು. 2005ರ ವಿಂಡೋಸ್ ಮೊಬೈಲ್ 5 ಬಂದು ಎಲ್ಲವನ್ನೂ ಫ್ಲಾಶ್ ಮೆಮೊರಿಯಲ್ಲಿಡಲು ಶುರುಮಾಡಿದ ಮೇಲೆ ಆ ಕಾಟ ತಪ್ಪಿತು.

ಅದೇ 2005ರಲ್ಲಿ ಬಂದ ಡೆಲ್ ‘ಆಕ್ಸಿಮ್ ಎಕ್ಸ್51ವಿ’ ಆ ಪೀಳಿಗೆಯ ಪೈಲ್ವಾನ. 624 ಮೆಗಾಹರ್ಟ್ಸ್ ಚಿಪ್ಪು, ಆಟಕ್ಕೆಂದೇ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪು, 480×640 ಚುಕ್ಕೆಗಳ ಪರದೆ, ವೈ-ಫೈ, ಬ್ಲೂಟೂತ್ ಎಲ್ಲವೂ ಇದ್ದವು. ಮಾಮೂಲಿ ಬ್ಯಾಟರಿ ಮಾತ್ರ 1,100 ಮಿಲಿಆಂಪಿಯರ್-ಗಂಟೆಯದು. ಅದನ್ನು 3.7 ವೋಲ್ಟಿನಿಂದ ಗುಣಿಸಿದರೆ ಸಿಗುವುದು ನಾಲ್ಕೇ ವ್ಯಾಟ್-ಗಂಟೆ. ಪೈಲ್ವಾನನಿಗೆ ಬಡಿಸಿದ್ದು ಅಂಗೈ ತುಂಬ ಅವಲಕ್ಕಿ! ದುಪ್ಪಟ್ಟು ಗಾತ್ರದ ಬ್ಯಾಟರಿಯನ್ನು ಕಂಪನಿಯೇ ಬೇರೆಯಾಗಿ ಮಾರುತ್ತಿತ್ತು. ಸೋನಿಯ ಕೈಯಾಟದ ಯಂತ್ರ ಪಿಎಸ್‌ಪಿಯ ಜಾಣತನ ಬೇರೆ ಥರದ್ದು. ಅದರ ಚಿಪ್ಪು 333 ಮೆಗಾಹರ್ಟ್ಸ್‌ನಲ್ಲಿ ಓಡಬಲ್ಲದಾದರೂ ಆಟಗಳಿಗೆ 222ರ ಮಿತಿ ಹಾಕಲಾಗಿತ್ತು. 2007ರಲ್ಲಷ್ಟೇ ಆ ಮಿತಿ ಸಡಿಲವಾಯಿತು.

ಇವರೆಲ್ಲರ ನಡುವೆ ಬೆಂಗಳೂರಿನದೂ ಒಂದು ಹೆಸರಿದೆ, ‘ಸಿಂಪ್ಯೂಟರ್’. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ಎಂಜಿನಿಯರುಗಳು ಸೇರಿ 2001ರಲ್ಲಿ ಅದರ ಮಾದರಿಯನ್ನು ಪ್ರದರ್ಶಿಸಿದರು. ಐಪ್ಯಾಕ್‌ನಲ್ಲಿದ್ದ ಸ್ಟ್ರಾಂಗ್‌ಆರ್ಮ್ ಕುಲದ ಚಿಪ್ಪೇ ಇದರಲ್ಲೂ ಇತ್ತು. ಆದರೆ ಇದನ್ನು ರೂಪಿಸಿದವರು ಕೇಳಿಕೊಂಡ ಪ್ರಶ್ನೆ ಬೇರೆ. ಓದಲು ಬಾರದವರು ಇದನ್ನು ಹೇಗೆ ಬಳಸಬೇಕು? ಅದಕ್ಕೆಂದು ಬರಹವನ್ನು ಕನ್ನಡದಂಥ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ತಂತ್ರಾಂಶ ಹಾಕಿದರು. ಒಬ್ಬೊಬ್ಬರಿಗೂ ಒಂದೊಂದು ಕೊಳ್ಳಲಾಗದ ಊರಿನಲ್ಲಿ ಏನು ಮಾಡುವುದು? ಸ್ಮಾರ್ಟ್‌ಕಾರ್ಡ್ ತೂರಿಸುವ ಸೀಳು ಇಟ್ಟರು. ಯಂತ್ರ ಊರಿಗೆ ಒಂದು, ಕಾರ್ಡು ತಲೆಗೆ ಒಂದು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ ಸಿಂಪ್ಯೂಟರ್’ನಲ್ಲಿ ವಾಲಿಸಿದರೆ ಗುರುತಿಸುವ ಚಲನ ಸಂವೇದಕವೂ ಇತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಆರಂಭದ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನು ಹಳ್ಳಿಹಳ್ಳಿಗೂ ಕಾಲಿಟ್ಟಿತ್ತು. ಸಿಂಪ್ಯೂಟರ್ ಸೋತರೂ ಅದರ ಪ್ರಶ್ನೆ ಸೋತಿಲ್ಲ: ಯಂತ್ರ ಏನೇನು ಮಾಡಬಲ್ಲದು ಎನ್ನುವುದಕ್ಕೆ ಮುಂಚೆ, ಇದನ್ನು ಹಿಡಿಯುವ ಕೈ ಯಾರದು?

ಕಣ್ಣಿಗೆ ಎಷ್ಟು ಚುಕ್ಕೆ ಸಾಕು?

ಈಗ ನಮ್ಮ ಸಂಸಾರದ ಮಕ್ಕಳನ್ನು ಒಬ್ಬೊಬ್ಬರಾಗಿ ವಿಚಾರಿಸೋಣ. ಮೊದಲನೆಯದು ಪರದೆ.

ಏಳಂಗುಲದ ಎರಡು ಪರದೆಗಳಿವೆ ಎಂದುಕೊಳ್ಳಿ. ಒಂದರಲ್ಲಿ 1280×800, ಅಂದರೆ ಸುಮಾರು ಹತ್ತು ಲಕ್ಷ ಚುಕ್ಕೆ. ಇನ್ನೊಂದರಲ್ಲಿ 1920×1080, ಅಂದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಎರಡನೆಯದೇ ಮೇಲು ಎನ್ನುವ ಮುನ್ನ ಕಣ್ಣನ್ನು ಕೇಳಬೇಕು. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬೇರ್ಪಡಿಸಿ ನೋಡಬಲ್ಲದು. ಯಂತ್ರವನ್ನು ಕಣ್ಣಿನಿಂದ 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಆ ಅಂತರ ಸುಮಾರು 0.116 ಮಿಲಿಮೀಟರ್ ಆಗುತ್ತದೆ. ಮೊದಲ ಪರದೆಯಲ್ಲಿ ಒಂದು ಚುಕ್ಕೆಯ ಅಗಲ 0.118 ಮಿ.ಮೀ., ಎರಡನೆಯದರಲ್ಲಿ 0.081. ಅಂದರೆ ಮೊದಲನೆಯದೇ ಕಣ್ಣಿನ ಮಿತಿಯ ಹತ್ತಿರ ಬಂದು ನಿಂತಿದೆ. ಸಣ್ಣ ಅಕ್ಷರ ಓದುವಾಗ, ಮುಖಕ್ಕೆ ಹತ್ತಿರ ಹಿಡಿದಾಗ ಎರಡನೆಯದು ತುಸು ನಯವಾಗಿ ಕಂಡೀತು. ಆದರೆ ಆಟದಲ್ಲಿ ಪ್ರತಿ ಚುಕ್ಕೆಯ ಬಣ್ಣವನ್ನೂ ಸೆಕೆಂಡಿಗೆ ಹತ್ತಾರು ಸಲ ಲೆಕ್ಕ ಹಾಕಬೇಕು. ಚುಕ್ಕೆ ಇಮ್ಮಡಿಯಾದರೆ ಆ ಗಣಿತವೂ ಹೆಚ್ಚುಕಡಿಮೆ ಇಮ್ಮಡಿ. ಕಣ್ಣಿಗೆ ಕಾಣದ ಅಂದಕ್ಕೆ ಬ್ಯಾಟರಿ ತೆರಿಗೆ ಕಟ್ಟಬೇಕು.

ಪರದೆಯ ಜಾತಿಯೂ ಮುಖ್ಯ. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಸದಾ ಉರಿಯುತ್ತಿರುತ್ತದೆ. ಕತ್ತಲ ದೃಶ್ಯ ಬಂದರೆ ಮುಂದಿನ ಪರದೆಯು ಬೆಳಕನ್ನು ತಡೆಯುತ್ತದೆಯೇ ಹೊರತು ದೀಪ ಆರುವುದಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಲೈಟು ಉರಿಯುತ್ತಿದ್ದಂತೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ದೀಪ. ಕಪ್ಪು ಎಂದರೆ ಅಲ್ಲಿ ದೀಪ ಆರಿದೆ ಎಂದೇ ಅರ್ಥ. ರಾತ್ರಿ ಮಲಗಿ ಸಿನಿಮಾ ನೋಡುವವರಿಗೆ ಇದರಷ್ಟು ಹಿತವಾದದ್ದಿಲ್ಲ. ಬಿಳಿ ಹಾಳೆಯ ಮೇಲೆ ದಿನವಿಡೀ ಓದುವವರಿಗೆ ಮಾತ್ರ ಇದರಿಂದ ಅಂಥ ಉಳಿತಾಯವಿಲ್ಲ.

ಇಡ್ಲಿ ಪಾತ್ರೆ ಮತ್ತು ಅಡುಗೆ ಭಟ್ಟ

ಎರಡನೆಯ ಮಗು ಚಿಪ್ಪು. ಹೊಟ್ಟೆಬಾಕ. ಟ್ರಾನ್ಸಿಸ್ಟರೊಂದು ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಹೊರಳುವಾಗಲೆಲ್ಲ ಪುಟ್ಟ ಕೊಡವೊಂದನ್ನು ತುಂಬಿ ಚೆಲ್ಲಿದಂತೆ ವಿದ್ಯುತ್ತು ಖರ್ಚಾಗುತ್ತದೆ. ಸೆಕೆಂಡಿಗೆ ಎಷ್ಟು ಸಲ ಚೆಲ್ಲುತ್ತೀರಿ ಎಂಬುದು ವೇಗ. ಖರ್ಚು ಈ ವೇಗದ ಜೊತೆಗೇ ಏರುತ್ತದೆ. ವೋಲ್ಟೇಜಿನ ಜೊತೆ ಮಾತ್ರ ವರ್ಗದಲ್ಲಿ ಏರುತ್ತದೆ. ಚಿಪ್ಪನ್ನು ಜೋರಾಗಿ ಓಡಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ವೇಗ ಒಂದೂವರೆ ಪಟ್ಟು, ವೋಲ್ಟೇಜು 1.2 ಪಟ್ಟು ಆಯಿತೆನ್ನಿ. ಖರ್ಚು 1.5×1.2×1.2, ಅಂದರೆ 2.16 ಪಟ್ಟು. ಒಂದೂವರೆ ಪಟ್ಟು ಕೆಲಸಕ್ಕೆ ಎರಡು ಪಟ್ಟಿಗೂ ಮಿಕ್ಕಿದ ಕೂಲಿ.

ಇದನ್ನು ತಿರುಗಿಸಿ ನೋಡಿದರೆ ಉಳಿತಾಯದ ದಾರಿ ಸಿಗುತ್ತದೆ. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಪ್ರತಿ ಚಿತ್ರಕ್ಕೂ 16.7 ಮಿಲಿಸೆಕೆಂಡ್ ಕಾಲಾವಕಾಶ. 30ಕ್ಕೆ ಇಳಿಸಿದರೆ 33.3. ಈ ಎರಡರ ನಟ್ಟನಡುವೆ, ಸರಿಯಾಗಿ 25 ಮಿಲಿಸೆಕೆಂಡ್‌ಗೆ, ಬರುವುದು 45 ಅಲ್ಲ, 40 ಚಿತ್ರಗಳ ವೇಗ. 30ರ ತಡವರಿಕೆ ಅಷ್ಟಾಗಿ ಕಾಣದು, 60ರ ದುಂದುವೆಚ್ಚವೂ ಇಲ್ಲ. ಕೈಗಣಕದ ಅನುಭವಿಗಳು 40ಕ್ಕೆ ಮಿತಿ ಹಾಕಿಕೊಳ್ಳುವುದರ ಗುಟ್ಟು ಈ ಸರಳ ಗಣಿತ.

ಸಿನಿಮಾ ನೋಡುವಾಗ ಇದೇ ಯಂತ್ರ ಏಕೆ ಇಷ್ಟು ತಣ್ಣಗಿರುತ್ತದೆ? ಅಡುಗೆ ಭಟ್ಟರು ಏನು ಬೇಕಾದರೂ ಮಾಡಬಲ್ಲರು, ಆದರೆ ಒಂದೊಂದನ್ನೂ ಕೈಯಾರೆ ಮಾಡಬೇಕು. ಇಡ್ಲಿ ಪಾತ್ರೆಗೆ ಇಡ್ಲಿ ಬಿಟ್ಟು ಬೇರೇನೂ ಬಾರದು, ಆದರೆ ಒಂದೇ ಉರಿಯಲ್ಲಿ ಎರಡು ಡಜನ್ ಬೇಯಿಸುತ್ತದೆ. ವಿಡಿಯೊ ಬಿಡಿಸುವುದಕ್ಕೆಂದೇ ಚಿಪ್ಪಿನೊಳಗೆ ಒಂದು ‘ಇಡ್ಲಿ ಪಾತ್ರೆ’ ಇರುತ್ತದೆ. ಎಚ್.264, ಎಚ್‌ಇವಿಸಿ, ಎವಿ1 ಎಂಬುವು ವಿಡಿಯೊವನ್ನು ಕುಗ್ಗಿಸಿಡುವ ಬೇರೆ ಬೇರೆ ಪದ್ಧತಿಗಳು. ನೀವು ನೋಡುವ ವಿಡಿಯೊ ಯಾವ ಪದ್ಧತಿಯದೋ ಅದಕ್ಕೆ ತಕ್ಕ ಪಾತ್ರೆ ಚಿಪ್ಪಿನಲ್ಲಿದ್ದರೆ ಕೆಲಸ ಸಲೀಸು. ಇಲ್ಲದಿದ್ದರೆ ಭಟ್ಟರೇ, ಅಂದರೆ ಎಲ್ಲ ಕೆಲಸಕ್ಕೂ ಒಗ್ಗುವ ಮುಖ್ಯ ಪ್ರೊಸೆಸರೇ, ಒಂದೊಂದು ಇಡ್ಲಿಯನ್ನೂ ಬೇಯಿಸುತ್ತ ಕೂರಬೇಕು. ಯಂತ್ರ ಬಿಸಿಯಾಗುತ್ತದೆ, ವಿಡಿಯೊ ಮುಗ್ಗರಿಸುತ್ತದೆ. ಸಿನಿಮಾ, ವಿಡಿಯೊಗಾಗಿ ಕೊಳ್ಳುವವರು ಮೆಗಾಹರ್ಟ್ಸ್‌ಗಿಂತ ಮೊದಲು ವಿಚಾರಿಸಬೇಕಾದದ್ದು ಇದನ್ನು.

ಚಿಪ್ಪು ಎಷ್ಟು ಸೂಕ್ಷ್ಮವಾಗಿ ಕೊರೆಯಲ್ಪಟ್ಟಿದೆ ಎಂಬುದೂ ಖರ್ಚನ್ನು ನಿರ್ಧರಿಸುತ್ತದೆ. 2017ರ ನಿಂಟೆಂಡೊ ಸ್ವಿಚ್ ಒಂದು ಚಾರ್ಜಿಗೆ ಎರಡೂವರೆಯಿಂದ ಆರೂವರೆ ಗಂಟೆ ಓಡುತ್ತದೆ ಎಂದು ಕಂಪನಿ ಹೇಳಿತ್ತು. 2019ರಲ್ಲಿ ಅದೇ ಹೆಸರಿನ, ಅದೇ 16 ವ್ಯಾಟ್-ಗಂಟೆ ಬ್ಯಾಟರಿಯ ಹೊಸ ಆವೃತ್ತಿ ಬಂತು. ಆಟಗಳೂ ಅವೇ. ಆದರೆ ಬಾಳಿಕೆ ನಾಲ್ಕೂವರೆಯಿಂದ ಒಂಬತ್ತು ಗಂಟೆ. ಬದಲಾದದ್ದರಲ್ಲಿ ಮುಖ್ಯವಾದದ್ದು ಚಿಪ್ಪು. 20 ನ್ಯಾನೊಮೀಟರ್ ತಂತ್ರದಿಂದ 16ಕ್ಕೆ ಇಳಿದಿತ್ತು.

ಸ್ಟೀಮ್ ಡೆಕ್‌ಗೆ ಸ್ವಿಚ್‌ನ ಎರಡೂವರೆ ಪಟ್ಟು ಬ್ಯಾಟರಿ ಇದ್ದರೂ ಅದರ ಕಂಪನಿ ಹೇಳಿದ್ದು ಎರಡರಿಂದ ಎಂಟು ಗಂಟೆ. ಭಾಗಿಸಿ ನೋಡಿ: 40ನ್ನು 8ರಿಂದ ಭಾಗಿಸಿದರೆ 5 ವ್ಯಾಟ್, 2ರಿಂದ ಭಾಗಿಸಿದರೆ 20. ಸ್ವಿಚ್‌ನ ಆಟಗಳನ್ನು ಸ್ವಿಚ್‌ಗೆಂದೇ ಅಳೆದು ಹೊಲಿಯಲಾಗಿದೆ. ಸ್ಟೀಮ್ ಡೆಕ್ ಓಡಿಸುವ ಆಟಗಳಲ್ಲಿ ಬಹುಪಾಲು ಗೋಡೆಯ ಪ್ಲಗ್ಗಿಗೆ ಅಂಟಿಕೊಂಡ ದೊಡ್ಡ ಗಣಕಗಳಿಗೆಂದು ಬರೆದವು. ಸಾವಿರಾರು ಆಟಗಳ ಸ್ವಾತಂತ್ರ್ಯ ಬೇಕೆಂದರೆ ಆ ಭಾರವನ್ನೂ ಹೊರಬೇಕು.

ಖರ್ಚಾದ ಪ್ರತಿ ವ್ಯಾಟೂ ಕೊನೆಗೆ ಶಾಖವೇ. ಫ್ಯಾನಿಲ್ಲದ ಪುಟ್ಟ ಯಂತ್ರ ತನ್ನ ಮೈಯಿಂದ ಸುಮ್ಮನೆ ಹೊರಹಾಕಬಲ್ಲದ್ದು ಕೆಲವೇ ವ್ಯಾಟ್. ಅದನ್ನು ಮೀರಿದರೆ ಚಿಪ್ಪು ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಕುದುರೆಯಂತೆ ಓಡುವ ಯಂತ್ರ ಅರ್ಧ ಗಂಟೆಯ ನಂತರ ಎತ್ತಿನ ಗಾಡಿಯಾಗುವುದು ಇದರಿಂದಲೇ. ಅಂಗಡಿಯಲ್ಲಿ ಐದು ನಿಮಿಷ ಆಡಿ ಖುಷಿಪಟ್ಟು ಕೊಳ್ಳಬೇಡಿ. ಅರ್ಧ ಗಂಟೆ ಆಡಲು ಬಿಡುತ್ತಾರೆಯೇ ಕೇಳಿ.

ಗಾಳಿಯಲ್ಲಿ ಬರುವ ಲೋಕ

ಇನ್ನು ನಿಸ್ತಂತು ಸಂಪರ್ಕ. ಆಕ್ಸಿಮ್‌ನಲ್ಲಿದ್ದ 802.11ಬಿ ವೈ-ಫೈ ಕಾಗದದ ಮೇಲೆ ಸೆಕೆಂಡಿಗೆ 11 ಮೆಗಾಬಿಟ್. ಕೈಗೆ ಸಿಗುತ್ತಿದ್ದದ್ದು ಅರ್ಧದಷ್ಟು. ಉಳಿದದ್ದು ‘ನೀನು ಮಾತಾಡು, ನಾನು ಕೇಳುತ್ತೇನೆ’ ಎಂಬ ಸರದಿಯ ಶಿಷ್ಟಾಚಾರಕ್ಕೇ ಖರ್ಚು. ಇಂದಿನ ವೈ-ಫೈಗಳ ಪೆಟ್ಟಿಗೆಯ ಮೇಲಿನ ಅಂಕಿಗೂ ಕೈಗೆ ಸಿಗುವ ವೇಗಕ್ಕೂ ಇರುವ ಅಂತರಕ್ಕೆ ಕಾರಣವೂ ಬಹುಪಾಲು ಅದೇ.

ವೈ-ಫೈ ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ಹರಿಯುತ್ತದೆ. 2.4 ಗಿಗಾಹರ್ಟ್ಸ್‌ನ ಅಲೆ ಸುಮಾರು 12 ಸೆಂಟಿಮೀಟರ್ ಉದ್ದದ್ದು. ಗೋಡೆಗಳನ್ನು ಒಂದಿಷ್ಟು ದಾಟಿ ಹೋಗುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಬ್ಲೂಟೂತ್ ಇದೆ, ಅಕ್ಕಪಕ್ಕದ ಮನೆಗಳ ರೌಟರುಗಳಿವೆ, ಅಡುಗೆಮನೆಯ ಮೈಕ್ರೊವೇವ್ ಒಲೆಯೂ ಇದೆ. ಸಂತೆಯ ಗದ್ದಲ. 5 ಗಿಗಾಹರ್ಟ್ಸ್ ಪಟ್ಟಿ ಅಗಲವಾದ, ನಿರಾಳವಾದ ರಸ್ತೆ. ಆದರೆ ಗೋಡೆ ಎದುರಾದರೆ ಬೇಗ ಸೋಲುತ್ತದೆ. ದಪ್ಪ ಗೋಡೆಯ ಹಳೆಯ ಮನೆಯಲ್ಲಿ ರೌಟರು ಪಡಸಾಲೆಯಲ್ಲಿದ್ದು ನೀವು ಒಳಕೋಣೆಯಲ್ಲಿ ಆಡುವವರಾದರೆ, ಎಷ್ಟೇ ದುಬಾರಿ ಕೈಗಣಕ ತಂದರೂ ರೌಟರಿನ ಜಾಗ ಬದಲಿಸದೆ ಪ್ರಯೋಜನವಿಲ್ಲ.

ಬ್ಲೂಟೂತ್ ಇದೇ ಸಂತೆಯಲ್ಲಿ ಜಾಣತನದಿಂದ ಓಡಾಡುತ್ತದೆ. ಅದರ ಮೂಲ ಆವೃತ್ತಿ 79 ಓಣಿಗಳ ನಡುವೆ ಸೆಕೆಂಡಿಗೆ 1,600 ಸಲ ಜಿಗಿಯುತ್ತ, ಆದಷ್ಟು ಡಿಕ್ಕಿ ತಪ್ಪಿಸಿಕೊಂಡು ನುಸುಳುತ್ತದೆ. ಆದರೆ ಹಾಡನ್ನು ಕುಗ್ಗಿಸಿ, ಕಳಿಸಿ, ಆ ಕಡೆ ಬಿಡಿಸುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ತಡವಾಗುತ್ತದೆ. ಸಿನಿಮಾದಲ್ಲಿ ಯಂತ್ರವೇ ಚಿತ್ರವನ್ನು ಅಷ್ಟು ತಡೆದು ತೋರಿಸಿ ಸರಿದೂಗಿಸುತ್ತದೆ. ಆಟದಲ್ಲಿ ಹಾಗೆ ಮಾಡಲಾಗದು. ನೀವು ಗುಂಡಿ ಒತ್ತಿದ ಮೇಲೆ ಆರು ಚಿತ್ರಗಳು ಕಳೆದು ಸದ್ದು ಕೇಳಿಸಿದರೆ ಆಟದ ರಸವೇ ಕೆಡುತ್ತದೆ. ಆಟಕ್ಕಾಗಿ ಕೊಳ್ಳುವವರು ಹಳೆಯ 3.5 ಮಿ.ಮೀ. ಹೆಡ್‌ಫೋನ್ ತೂತು ಇದೆಯೇ ಎಂದು ನೋಡಿಕೊಳ್ಳುವುದು ಹಳಬರ ಹಟವಲ್ಲ, ಭೌತವಿಜ್ಞಾನ.

ನಿಸ್ತಂತು ಸಂಪರ್ಕ ಚೆನ್ನಾಗಿದ್ದರೆ ಇನ್ನೊಂದು ದಾರಿ ತೆರೆಯುತ್ತದೆ. ಆಟವನ್ನು ಮನೆಯ ದೊಡ್ಡ ಗಣಕದಲ್ಲಿ ಓಡಿಸಿ ಅದರ ಚಿತ್ರವನ್ನಷ್ಟೇ ಕೈಗೆ ತರಿಸಿಕೊಳ್ಳುವುದು. ಆಗ ಕೈಗಣಕಕ್ಕೆ ಆಟ ಎಂಬುದು ಮತ್ತೊಂದು ವಿಡಿಯೊ. ಭಟ್ಟರಿಗೆ ವಿಶ್ರಾಂತಿ, ಇಡ್ಲಿ ಪಾತ್ರೆಗೆ ಕೆಲಸ. 20 ವ್ಯಾಟಿನ ಹೊರೆ ಕೆಲವೇ ವ್ಯಾಟಿಗೆ ಇಳಿಯುತ್ತದೆ. ಬಸ್ಸಿನಲ್ಲಿ, ಘಾಟಿಯಲ್ಲಿ, ಸಿಗ್ನಲ್ ಸಿಗದ ಊರಿನಲ್ಲಿ ಮಾತ್ರ ಇದು ನಡೆಯದು.

ಕೊಳ್ಳುವ ಮುನ್ನ

ಹಾಗಾದರೆ ಯಾವುದನ್ನು ಕೊಳ್ಳಬೇಕು? ಪ್ರಯಾಣದಲ್ಲಿ ಸಿನಿಮಾ, ಹಾಡು, ಓದು ನಿಮ್ಮ ಮುಖ್ಯ ಆಸೆಯಾದರೆ ಬೇರೆ ಯಂತ್ರವೇ ಬೇಡ. ಜೇಬಿನಲ್ಲಿರುವ ಫೋನೋ ಒಂದು ಸಾಧಾರಣ ಟ್ಯಾಬ್ಲೆಟ್ಟೋ ಸಾಕು, ಒಳ್ಳೆಯ ಪರದೆಗೂ ವಿಡಿಯೊ ಪದ್ಧತಿಗೂ ಗಮನ ಕೊಡಿ. ಆಯ್ದ ಆಟಗಳನ್ನು ಗಂಟೆಗಟ್ಟಲೆ ಆಡುವ ಮಕ್ಕಳಿರುವ ಮನೆಗೆ ಸ್ವಿಚ್‌ನಂತೆ ಆಟಕ್ಕೆಂದೇ ಹೊಲಿದ ಯಂತ್ರ ಲೇಸು. ದೊಡ್ಡ ಗಣಕದ ಆಟಗಳೇ ಬೇಕೆಂಬ ಹಟವಿದ್ದರೆ ಮುಕ್ಕಾಲು ಕಿಲೋ ಹತ್ತಿರದ ತೂಕ, ಫ್ಯಾನಿನ ಸದ್ದು ಮತ್ತು ಜೊತೆಗೊಂದು ಚಾರ್ಜರ್ ಇವನ್ನು ಒಪ್ಪಿಕೊಂಡೇ ಸ್ಟೀಮ್ ಡೆಕ್ ಬಳಗಕ್ಕೆ ಕೈ ಹಾಕಿ. ‘10,000 ಎಂಎಎಚ್’ ಎಂದು ಬರೆದ ಪವರ್ ಬ್ಯಾಂಕ್ ಕೊಂಡು ನೆಮ್ಮದಿಯಾಗಿರಬೇಡಿ. 3.7 ವೋಲ್ಟಿನ ಲೆಕ್ಕದಲ್ಲಿ ಅದು 37 ವ್ಯಾಟ್-ಗಂಟೆ, ದಾರಿಯ ಸೋರಿಕೆ ಕಳೆದರೆ ಇನ್ನೂ ಕಡಿಮೆ. 40ರ ಹೊಟ್ಟೆಯನ್ನು ಒಂದು ಸಲವೂ ತುಂಬಿಸದು. ಹಾಗೆಂದು ದೈತ್ಯ ಪವರ್ ಬ್ಯಾಂಕ್ ಕೊಂಡರೆ ವಿಮಾನದಲ್ಲಿ ತೊಡಕು. ವಿಶೇಷ ಅನುಮತಿಯಿಲ್ಲದೆ ಕೈಚೀಲದಲ್ಲಿ ಒಯ್ಯಬಹುದಾದ ಮಿತಿ 100 ವ್ಯಾಟ್-ಗಂಟೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ತುಂಬಿ ಬರಿದಾಗುವಷ್ಟರಲ್ಲಿ ತನ್ನ ಸಾಮರ್ಥ್ಯದ ಐದನೇ ಒಂದು ಭಾಗದಷ್ಟನ್ನು ಕಳೆದುಕೊಂಡಿರುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ಬ್ಯಾಟರಿ ಬದಲಿಸಲು ಬರುತ್ತದೆಯೇ, ಬಿಡಿಭಾಗ ಸಿಗುತ್ತದೆಯೇ ಎಂದು ವಿಚಾರಿಸದೆ ಹಣ ಕೊಡಬೇಡಿ.

ಉಳಿದದ್ದಕ್ಕೆಲ್ಲ ಒಂದು ಭಾಗಾಕಾರ ಸಾಕು. ಬ್ಯಾಟರಿಯ ವ್ಯಾಟ್-ಗಂಟೆಯನ್ನು, ನೀವು ನಿಜವಾಗಿ ಮಾಡುವ ಕೆಲಸಕ್ಕೆ ಬೇಕಾದ ವ್ಯಾಟಿನಿಂದ ಭಾಗಿಸಿ. ಬರುವ ಉತ್ತರ ನಿಮ್ಮ ಬಸ್ ಪ್ರಯಾಣಕ್ಕಿಂತ ಉದ್ದವಾಗಿದ್ದರೆ ಕೊಳ್ಳಿ. ಗಿಡ್ಡವಾಗಿದ್ದರೆ ಪೆಟ್ಟಿಗೆಯನ್ನು ಕಪಾಟಿನಲ್ಲಿ ವಾಪಸ್ ಇಟ್ಟು ಬನ್ನಿ.